ಹೊಸ ಹುಡುಗನಿಗೆ ಸಿಟ್ಟು ಕಲಿಸಿದ್ದು

ಬೇರೆ ಬಡಾವಣೆಗಳಿಗೆ ಜೂನ್ ತಿಂಗಳಲ್ಲಿ ಮಳೆ ಬರುತ್ತಿತ್ತು; ನಮ್ಮ ರಾಜಾಜಿನಗರಕ್ಕೆ ಸಿಟ್ಟು ಬರುತ್ತಿತ್ತು. ಎಪ್ಪತ್ತರ ದಶಕದ ಮಾತು. ಕಾಲೇಜು ಶುರುವಾಗುವುದು, ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹೊಸ ಹುಡುಗರು ಬರುವುದು, ಈ ಸಲ ಇವರು ನಮ್ಮ ಮಾನ ಉಳಿಸ್ತಾರೆ ಅಂತ ನಾವು ಬೀದಿ ತುಂಬ ಸಾರುವುದು, ಅವರು ಮೊದಲನೇ ಪಂದ್ಯದಲ್ಲೇ ಸೋತು ಬರುವುದು, ಆಮೇಲೆ ನಾವು ವರ್ಷವಿಡೀ ಹಲ್ಲು ಕಡಿಯುವುದು. ದಸರಾ ರಜೆ ಹಿಂದೆಮುಂದೆ ಆಗಬಹುದಿತ್ತು, ಇದು ಮಾತ್ರ ತಪ್ಪುತ್ತಿರಲಿಲ್ಲ.

ನಾವು ಅಂದರೆ ಕಾಲೇಜಿನ ಕಾಂಪೌಂಡ್ ಗೋಡೆ ಮೇಲೆ ಕೂರುವವರು. ನಾನು ಹತ್ತಿರದ ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟು. ಮಧ್ಯಾಹ್ನ ಸೈರನ್ ಆದರೆ ಮನೆಗಿಂತ ಮೊದಲು ಗೋಡೆಗೆ ಬರುತ್ತಿದ್ದೆ. ನನ್ನ ಪಕ್ಕದಲ್ಲಿ ರಿಟೈರ್ಡ್ ಪೋಸ್ಟ್ ಮಾಸ್ಟರು. ಜೀವಮಾನವಿಡೀ ಬೇರೆಯವರ ಕಾಗದಕ್ಕೆ ಮುದ್ರೆ ಕುಟ್ಟಿ ಕುಟ್ಟಿ ಅವರ ಬಲಗೈಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ನಮ್ಮ ಹುಡುಗರು ಬಾಲ್ ಕೈಬಿಟ್ಟರೆ ಆ ಕೈ ದಬ್ ಅಂತ ಪಕ್ಕದವನ ತೊಡೆಗೆ ಬೀಳುತ್ತಿತ್ತು. ಪಕ್ಕದವನು ನಾನು. ಗೋಡೆ ಮೇಲಿದ್ದ ಹತ್ತಿಪ್ಪತ್ತು ಜನರಲ್ಲಿ ಒಬ್ಬನೂ ಜನ್ಮದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವನಲ್ಲ. ಆಡಿದವರಿಗೆ ಅಷ್ಟು ಸಿಟ್ಟು ಬರುವುದೂ ಇಲ್ಲ ಬಿಡಿ.

ಆ ವರ್ಷದ ಸಿಟ್ಟಿಗೆ ಮಾತ್ರ ಬೇರೆ ಕಾರಣ ಇತ್ತು. ಪ್ರಿನ್ಸಿಪಾಲರು ಪಿ.ಟಿ. ಮೇಷ್ಟ್ರನ್ನು ಕರೆದು ಹೇಳಿದರಂತೆ: "ಈ ಸಲವೂ ಮೊದಲ ಪಂದ್ಯದಲ್ಲೇ ಸೋತರೆ ಕೋರ್ಟು ಕಿತ್ತು ಸೈಕಲ್ ಸ್ಟ್ಯಾಂಡ್ ಮಾಡಿಸ್ತೀನಿ. ಹುಡುಗರ ಸೈಕಲ್ ನಿಲ್ಲಿಸೋಕೆ ಜಾಗ ಇಲ್ಲ."

ಅದು ಮಣ್ಣಿನ ಕೋರ್ಟು. ಪಿ.ಟಿ. ಮೇಷ್ಟ್ರು ದಿನಾ ಬೆಳಿಗ್ಗೆ ಎದ್ದು ಬಂದು ತಾವೇ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕುತ್ತಿದ್ದರು. ಮನೆಯಲ್ಲಿ ಹೆಂಡತಿ ರಂಗೋಲಿ ಹಾಕೋದಕ್ಕಿಂತ ಮೊದಲು ಇಲ್ಲಿ ಇವರ ರಂಗೋಲಿ ಮುಗಿದಿರುತ್ತಿತ್ತು. ಗೋಡೆ ಹತ್ತಿರ ಬಂದು ನಮಗೆ ಈ ಸುದ್ದಿ ಹೇಳುವಾಗ ಅವರ ಮುಖ ಸಣ್ಣಗಾಗಿತ್ತು. "ಸೈಕಲ್ ಸ್ಟ್ಯಾಂಡ್ ಆದಮೇಲೆ ಟೋಕನ್ ಕೊಡೋಕೆ ನನ್ನನ್ನೇ ಕೂರಿಸ್ತಾರಂತೆ ಸ್ವಾಮಿ" ಅಂದರು.

ನಮ್ಮ ಗೋಡೆಗೆ ಬೆಂಕಿ ಬಿತ್ತು.

ಎತ್ತರದ ಪರೀಕ್ಷೆ

ಅಡ್ಮಿಷನ್ ಶುರುವಾದ ದಿನ ನಾನು ಅತ್ತೆಗೆ ಹುಷಾರಿಲ್ಲ ಅಂತ ರಜೆ ಹಾಕಿದೆ. ಅತ್ತೆ ಗಟ್ಟಿಮುಟ್ಟಾಗಿದ್ದರು, ಅದಕ್ಕೆ ನಾನು ಜವಾಬ್ದಾರನಲ್ಲ. ಕಾಲೇಜು ಗೇಟಿನ ಕಂಬದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ನಿಂತೆ. ಆ ಗೆರೆಗಿಂತ ಯಾರ ತಲೆ ಮೇಲಕ್ಕೆ ಹೋಗುತ್ತೋ ಅವನನ್ನು ಪೋಸ್ಟ್ ಮಾಸ್ಟರು ತೋಳು ಹಿಡಿದು ಪಕ್ಕಕ್ಕೆಳೆದು ತಂಡಕ್ಕೆ ಸೇರಿಸಬೇಕು. ಇದು ನಮ್ಮ ಯೋಜನೆ.

ಬೆಳಿಗ್ಗೆಯಿಂದ ಬಂದವರೆಲ್ಲ ಗೆರೆಯ ಕೆಳಗೇ.

"ಏನ್ರೀ ಇದು!" ಪೋಸ್ಟ್ ಮಾಸ್ಟರು ಕುದಿದರು. "ಈ ಕಾಲದ ಹುಡುಗರು ಬೆಳೆಯೋದನ್ನೇ ಬಿಟ್ಟುಬಿಟ್ಟಿದಾರಲ್ರೀ!"

ಅಷ್ಟರಲ್ಲಿ ಒಬ್ಬ ಬಂದ. ಸಣಕಲ, ಆದರೆ ಉದ್ದ ಅಂದರೆ ಉದ್ದ. ಕೈಯಲ್ಲೊಂದು ಫೈಲು. ಗೆರೆಯ ಮೇಲೆ ಒಂದು ಗೇಣು ತಲೆ.

"ಏಯ್, ಬಾ ಇಲ್ಲಿ. ಶರ್ಟು ಬಿಚ್ಚು" ಅಂದೆ.

ಅವನು ನನ್ನ ಮುಖ ನೋಡಿದ, ಪೋಸ್ಟ್ ಮಾಸ್ಟರ ನರೆಗೂದಲು ನೋಡಿದ, ಶರ್ಟು ಬಿಚ್ಚಿದ.

"ಎಗರು."

"ಎಷ್ಟು ಸಲ ಸಾರ್?"

"ಸಾಕು ಅನ್ನೋವರೆಗೂ."

ಎಗರಿದ ನೋಡಿ! ಗೇಟಿನ ಮೇಲಿನ ಬೋರ್ಡಿಗೆ ತಲೆ ತಗಲುವ ಹಾಗೆ ಎಗರಿದ. ಪೋಸ್ಟ್ ಮಾಸ್ಟರಿಗೆ ಖುಷಿ ತಡೆಯಲಿಲ್ಲ, "ಉಸಿರು ಎಳಿ, ಬಿಡು" ಅಂದರು. ನಾನೂ ಸುಮ್ಮನಿರಲಾರದೆ "ನಾಲಗೆ ತೋರಿಸು" ಅಂದೆ. ತೋರಿಸಿದ. ಇಷ್ಟು ವಿಧೇಯ ಹುಡುಗ ಸಿಕ್ಕಿದ್ದು ನಮ್ಮ ಪುಣ್ಯ ಅಂದುಕೊಂಡು, "ಯಾವ ಸಬ್ಜೆಕ್ಟಪ್ಪಾ?" ಅಂತ ಕೇಳಿದೆ.

"ಕೆಮಿಸ್ಟ್ರಿ ಸಾರ್."

"ಬರೀ ಕೆಮಿಸ್ಟ್ರೀನಾ?"

"ಹೌದು ಸಾರ್, ಎಂ.ಎಸ್ಸಿ. ಲೆಕ್ಚರರ್ ಪೋಸ್ಟು. ಇವತ್ತು ಡ್ಯೂಟಿಗೆ ಸೇರಬೇಕು. ಮೆಡಿಕಲ್ ಟೆಸ್ಟು ಗೇಟಲ್ಲೇ ಮಾಡ್ತಾರೆ ಅಂತ ಗೊತ್ತಿರಲಿಲ್ಲ."

ನಾನು ಆಗಲೇ ಅರ್ಧ ರಸ್ತೆ ದಾಟಿದ್ದೆ. ಪೋಸ್ಟ್ ಮಾಸ್ಟರು ಕದಲಲಿಲ್ಲ. ಅವರ ಸಿಟ್ಟು ಹಿಂದಿನಿಂದ ನನಗೆ ಕೇಳಿಸುತ್ತಿತ್ತು: "ಇಷ್ಟು ಚೆನ್ನಾಗಿ ಎಗರ್ತೀಯ, ನಿನಗೆ ಎಂ.ಎಸ್ಸಿ. ಮಾಡು ಅಂತ ಯಾವನಯ್ಯ ಹೇಳಿದ್ದು?"

ಇನ್ನೊಬ್ಬ ಬಂದ

ನಿಜವಾದ ಉದ್ದದ ಹುಡುಗ ಕೊನೆಯ ದಿನ ಬಂದ. ಹೆಗ್ಗನಹಳ್ಳಿಯ ಹೊಲಗದ್ದೆಯ ಮನೆಯವನು, ಫಸ್ಟ್ ಪಿಯುಸಿ. ಸೈಕಲ್ ತುಳಿಯುವಾಗ ಮೊಣಕಾಲು ಹ್ಯಾಂಡಲ್‌ಗೆ ತಗಲುತ್ತಿತ್ತು. ಪಿ.ಟಿ. ಮೇಷ್ಟ್ರು "ಬ್ಯಾಸ್ಕೆಟ್‌ಬಾಲ್ ಆಡ್ತೀಯೇನೋ?" ಅಂದರೆ, "ನೋಡಿಲ್ಲ ಸಾರ್, ಹೇಳ್ಕೊಟ್ರೆ ಆಡ್ತೀನಿ" ಅಂದನಂತೆ. ನಡೆದದ್ದು ಇಷ್ಟೇ.

ನಾನು ಆ ಸಂಜೆ ಕಟಿಂಗ್ ಶಾಪಿಗೆ ಹೋಗಿ ಸತ್ಯವನ್ನೇ ಹೇಳಿದೆ: ಆರೂವರೆ ಅಡಿ ಹುಡುಗ ಬಂದಿದಾನೆ. ಅವನು ಆರಡಿಗೆ ಸ್ವಲ್ಪ ಕಮ್ಮಿ ಇದ್ದ, ಆದರೆ ಬೆಳೆಯುವ ವಯಸ್ಸು, ನಾನು ಮುಂದಿನದನ್ನೂ ಸೇರಿಸಿ ಹೇಳಿದೆ. ನಿಂತಲ್ಲಿಂದಲೇ ರಿಂಗು ಮುಟ್ಟುತ್ತಾನೆ ಅಂತಲೂ ಸೇರಿಸಿದೆ. ಸುಮ್ಮನೆ ರಿಂಗು ಅಂದೆ, ಯಾವ ರಿಂಗು ಅಂತ ಹೇಳಲಿಲ್ಲ.

ಎರಡು ದಿನ ಬಿಟ್ಟು ಹಾಲಿನ ಬೂತ್ ಮುಂದೆ ನಿಂತಿದ್ದಾಗ ಒಬ್ಬರು ಪಿಸುಗುಟ್ಟಿದರು: "ವಿಷಯ ಗೊತ್ತಾ? ಕಾಲೇಜಿಗೆ ಏಳಡಿ ಹುಡುಗ ಬಂದಿದಾನಂತೆ. ಬಾಲ್ ಎಸೆಯೋದೇ ಇಲ್ವಂತೆ, ಮೇಲಿಂದ ಬುಟ್ಟಿಗೆ ಇಟ್ಟುಬಿಡ್ತಾನಂತೆ. ಸಿನಿಮಾದಲ್ಲಿ ಪಾರ್ಟು ಕೊಡ್ತೀವಿ ಅಂದ್ರೂ ಒಲ್ಲೆ ಅಂದನಂತೆ."

ನನಗೆ ಮೈ ಜುಂ ಅಂತು. ಹಾಲಿನ ಪಾತ್ರೆ ಹಿಡಿದುಕೊಂಡೇ ಪಿ.ಟಿ. ಮೇಷ್ಟ್ರ ಮನೆಗೆ ಓಡಿದೆ. "ಮೇಷ್ಟ್ರೇ, ಆ ಹೆಗ್ಗನಹಳ್ಳಿಯವನನ್ನ ಬಿಡಿ, ಅವನಿಗಿಂತ ಉದ್ದದವನು ಇನ್ನೊಬ್ಬ ಬಂದಿದಾನೆ!"

ಬೆಣ್ಣೆ

ಸುದ್ದಿ ಹಬ್ಬಿದ ಮೇಲೆ ಬಡಾವಣೆಯ ಹೆಂಗಸರೂ ಕಣಕ್ಕಿಳಿದರು. ಹುಡುಗ ಇನ್ನೂ ಒಂದು ಗೇಣು ಬೆಳೆದರೆ ಕೋರ್ಟು ಉಳಿಯುತ್ತೆ ಅಂತ ಒಬ್ಬರು ಬೆಣ್ಣೆ ದೋಸೆ, ಇನ್ನೊಬ್ಬರು ಹುರಿಹಿಟ್ಟು, ಪೋಸ್ಟ್ ಮಾಸ್ಟರ ಹೆಂಡತಿ ತುಪ್ಪದ ರವೆ ಉಂಡೆ. ಯಾರ ಮನೆಯ ತಟ್ಟೆಯನ್ನೂ ಆ ಹುಡುಗ ಬೇಡ ಅನ್ನುತ್ತಿರಲಿಲ್ಲ. ಬೇಡ ಅಂದರೆ ಆಂಟಿಗೆ ಬೇಜಾರಾಗುತ್ತೆ ಅನ್ನುತ್ತಿದ್ದ.

ಒಂದು ದಿನ ಅವನ ತಾಯಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆ ಮುಂದೆ ಬಂದು ನಿಂತರು.

"ಯಾರ್ರೀ ಅದು, ನನ್ ಮಗುಂಗೆ ಬೆಣ್ಣೆ ಇಕ್ತಿರೋರು?"

ಗೋಡೆ ತುಂಬ ಜನ, ಎಲ್ಲರೂ ಆಕಾಶ ನೋಡಿದರು.

"ತಾಯೀ, ಎಲ್ಲಾ ಕಾಲೇಜಿನ ಮಾನಕ್ಕೋಸ್ಕರ" ಅಂದರು ಪೋಸ್ಟ್ ಮಾಸ್ಟರು.

"ನಿಮ್ ಮಾನಕ್ಕೆ ನನ್ ಮಗ ಯಾಕ್ರೀ ತಿನ್ಬೇಕು? ನೀವೇ ತಿನ್ನಿ! ಮನೇಲಿ ಮುದ್ದೆ ಮುಂದಿಟ್ರೆ ಹೊಟ್ಟೆ ತುಂಬೈತೆ ಕಣವ್ವಾ ಅಂತಾನೆ. ನೋಡಿ ಹೆಂಗಾಗವ್ನೆ!"

ನೋಡಿದೆವು. ಮೇಲಕ್ಕೆ ಒಂದಿಂಚೂ ಹೋಗಿರಲಿಲ್ಲ. ಉಂಡೆ, ದೋಸೆ, ಹುರಿಹಿಟ್ಟು ಎಲ್ಲ ಎಡಕ್ಕೂ ಬಲಕ್ಕೂ ಹೋಗಿತ್ತು. ಪೋಸ್ಟ್ ಮಾಸ್ಟರ ಕೈ ನನ್ನ ತೊಡೆಗೆ ಬಿತ್ತು. "ಥೂ! ಎಲ್ಲಾ ತಪ್ಪು ಅಡ್ರೆಸ್ಸಿಗೆ ಡೆಲಿವರಿ ಆಗಿದೆ ಕಣ್ರೀ!"

ಕಣ್ಣಿಗೊತ್ತಿಕೊಳ್ಳುವ ಆಟಗಾರ

ಆದರೂ ಹುಡುಗ ಆಟ ಕಲಿತ. ಪಿ.ಟಿ. ಮೇಷ್ಟ್ರು ಕಲಿಸಿದರೆ ಕಂಬವೂ ಕಲಿಯುತ್ತಿತ್ತು. ಗುರಿ ಚೆನ್ನಾಗಿತ್ತು, ಕೈ ಉದ್ದ, ಓಟ ಪರವಾಗಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಅವನನ್ನು ಯಾರೋ ಪಾಪಿಗಳು ಒಳ್ಳೆಯ ಸಂಸ್ಕಾರ ಕೊಟ್ಟು ಬೆಳೆಸಿದ್ದರು.

ಸೀನಿಯರ್‌ಗಳ ಜೊತೆ ಎರಡು ಪಂಗಡ ಮಾಡಿ ಆಡಿಸಿದರೆ, ಎದುರು ಪಂಗಡದ ಫೈನಲ್ ಇಯರ್ ಹುಡುಗ ಬಂದು ಬಾಲಿಗೆ ಕೈ ಹಾಕಿದ ಕೂಡಲೇ ಇವನು "ತಗೊಳ್ಳಿ ಅಣ್ಣ" ಅಂತ ಕೊಟ್ಟುಬಿಡೋನು. ಅದೂ ಎಡಗೈಯಲ್ಲಿ ಕೊಡಬಾರದು ಅಂತ ಬಾಲನ್ನು ಬಲಗೈಗೆ ಬದಲಾಯಿಸಿಕೊಂಡು ಕೊಡೋನು.

ಇದನ್ನೂ ಸಹಿಸಬಹುದಿತ್ತು. ಆಟದಲ್ಲಿ ಕಾಲಿಗೆ ಕಾಲು ತಗಲದೆ ಇರುತ್ತದೆಯೇ? ತಗಲಿದಾಗೆಲ್ಲ ಇವನು ಅಲ್ಲೇ ನಿಂತು, ಬಗ್ಗಿ, ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳೋನು. ಇವನು ಒತ್ತಿಕೊಂಡು ಕಣ್ಣು ಬಿಡುವಷ್ಟರಲ್ಲಿ ಅವರು ಅತ್ತ ಹೋಗಿ ಬಾಲ್ ಹಾಕಿ ವಾಪಸ್ ಬಂದಿರುತ್ತಿದ್ದರು.

ಗೋಡೆ ಮೇಲಿಂದ ನಾವು ಬಾಯಿಗೆ ಬಂದದ್ದು ಕೂಗುತ್ತಿದ್ದೆವು. ಪಿ.ಟಿ. ಮೇಷ್ಟ್ರು ಸೌಮ್ಯ ಮನುಷ್ಯ, ಅವರಿಗೇ ಒಂದು ದಿನ ತಲೆ ಕೆಟ್ಟು ವಿಸಲ್ ನೆಲಕ್ಕೆ ಎಸೆದರು. "ಲೋ! ಆಟ ಮುಗಿದ ಮೇಲೆ ಎಲ್ಲರಿಗೂ ಒಟ್ಟಿಗೆ ಉದ್ದಂಡ ನಮಸ್ಕಾರ ಹಾಕೋ, ನಾನೇ ಚಾಪೆ ತಂದು ಹಾಸ್ತೀನಿ!"

ಅವನು ಓಡಿ ಬಂದು ವಿಸಲ್ ಎತ್ತಿ, ಒರೆಸಿ, ಬಲಗೈಯಲ್ಲಿ ಕೊಟ್ಟ.

ಬೈಯುವ ಪಾಠ

ಗೋಡೆಯ ಸಭೆ ಸೇರಿತು. ಹುಡುಗನಲ್ಲಿ ಎಲ್ಲ ಇದೆ, ಸಿಟ್ಟು ಒಂದೇ ಇಲ್ಲ ಅಂತ ತೀರ್ಮಾನವಾಯಿತು. ಇಡೀ ಬಡಾವಣೆಯಲ್ಲಿ ಧಾರಾಳವಾಗಿ ಸಿಗುತ್ತಿದ್ದದ್ದು ಅದೊಂದೇ. ನಮ್ಮ ಹತ್ತಿರ ಇರೋದನ್ನ ನಾವು ಕೊಡದೆ ಇನ್ಯಾರು ಕೊಡಬೇಕು? ಪೋಸ್ಟ್ ಮಾಸ್ಟರು ಪಾಠಕ್ಕೆ ಒಪ್ಪಿದರು.

ಅವನನ್ನು ಗೋಡೆ ಮುಂದೆ ನಿಲ್ಲಿಸಿ, "ನನ್ನನ್ನ ಬೈ" ಅಂದರು.

"ಯಾಕೆ ಸಾರ್?"

"ಯಾಕೆ ಗೀಕೆ ಇಲ್ಲ. ಬೈ!"

"ಬೇಜಾರ್ ಮಾಡ್ಕೊಳಲ್ಲ ತಾನೆ?"

"ಮಾಡ್ಕೊಳಲ್ಲ ಕಣೋ, ಬೈಯೋ!"

ಹುಡುಗ ಬಹಳ ಯೋಚನೆ ಮಾಡಿದ. ಬೆವರಿದ. ಕೊನೆಗೆ ಕಣ್ಣು ಮುಚ್ಚಿಕೊಂಡು, "ಸಾರ್, ನೀವು… ನೀವು ಅಷ್ಟೊಂದು ಒಳ್ಳೆಯವರಲ್ಲ ಸಾರ್" ಅಂದ. ಅಂದವನೇ ಕಣ್ಣಲ್ಲಿ ನೀರು ತಂದುಕೊಂಡ.

"ಇದು ಬೈಗುಳಾನಾ?" ಪೋಸ್ಟ್ ಮಾಸ್ಟರು ಗೋಡೆಯಿಂದ ಧುಮುಕಿದರು. "ನನ್ನ ಹೆಂಡತಿ ಕಾಫಿ ಕೊಡುವಾಗ ಇದಕ್ಕಿಂತ ಜಾಸ್ತಿ ಬೈತಾಳೆ!"

ಹುಡುಗನಿಗೆ ಉಪದೇಶದಿಂದ ಸಿಟ್ಟು ಬರಲ್ಲ, ಉಪಾಯದಿಂದ ಬರಿಸಬೇಕು ಅಂತ ಆ ಕೆಲಸ ನಾನು ವಹಿಸಿಕೊಂಡೆ. ಈ ಶಾಸ್ತ್ರದಲ್ಲಿ ನನ್ನ ಹೆಸರು ಮಾಗಡಿ ರೋಡಿನವರೆಗೂ ಇತ್ತು. ಮೊದಲು ಅವನ ಸೈಕಲ್ ಗಾಳಿ ತೆಗೆದೆ. ಹೆಗ್ಗನಹಳ್ಳಿವರೆಗೂ ತಳ್ಳಿಕೊಂಡು ಹೋದವನು ಮಾರನೇ ದಿನ ಬಂದು, "ಅಣ್ಣ, ನಿನ್ನೆ ನಡ್ಕೊಂಡ್ ಹೋಗಿದ್ದು ಒಳ್ಳೇದೇ ಆಯ್ತು, ಕಾಲು ಗಟ್ಟಿ ಆಗಿದೆ" ಅಂದ. ಅವನ ಒಂದು ಶೂ ಬಚ್ಚಿಟ್ಟೆ. ಬರಿಗಾಲಲ್ಲಿ ಇನ್ನೂ ಜೋರಾಗಿ ಓಡಿದ. ನನ್ನ ಹೊಟ್ಟೆ ಉರಿದುಹೋಯಿತು. ಕೊನೆಗೆ ಒಂದು ಚೊಂಬು ಮಜ್ಜಿಗೆಗೆ ಖಾರವಾದ ಮೆಣಸಿನಪುಡಿ ಕೈತುಂಬ ಸುರಿದು, ಆಟ ಮುಗಿಸಿ ಬಂದವನಿಗೆ ಒಂದು ದೊಡ್ಡ ಲೋಟ ಕೊಟ್ಟೆ.

ಗಟಗಟ ಕುಡಿದ. ನಾನು ಗೋಡೆಯಿಂದ ಓಡೋಕೆ ಸಿದ್ಧನಾಗಿ ನಿಂತಿದ್ದೆ.

"ಇನ್ನೊಂದು ಲೋಟ ಇದೆಯಾ ಅಣ್ಣ?" ಅಂದ. "ನಮ್ಮನೇಲೂ ಹಿಂಗೇ ಮಾಡ್ತಾರೆ, ಸ್ವಲ್ಪ ಖಾರ ಜಾಸ್ತಿ ಹಾಕ್ತಾರೆ ಅಷ್ಟೆ."

ನನಗೆ ಪುಡಿಯ ಮೇಲೇ ಅನುಮಾನ ಬಂತು. ಚೊಂಬಿನಲ್ಲಿ ಉಳಿದಿದ್ದನ್ನು ನಾನು ಕುಡಿದೆ. ಆಮೇಲೆ ಎರಡು ದಿನ ಫ್ಯಾಕ್ಟರಿಗೆ ಹಾಕಿದ ರಜೆಯಲ್ಲಿ ಮಾತ್ರ ಯಾವ ಸುಳ್ಳೂ ಇರಲಿಲ್ಲ.

ಪಂದ್ಯ

ಮೊದಲ ಪಂದ್ಯ ನಮ್ಮ ಕೋರ್ಟಿನಲ್ಲೇ ನಡೆಯಿತು. ಆ ಬೆಳಿಗ್ಗೆ ಪಿ.ಟಿ. ಮೇಷ್ಟ್ರು ಸುಣ್ಣದ ಗೆರೆಯನ್ನು ಎರಡೆರಡು ಸಲ ಎಳೆದಿದ್ದರು. ಕೊನೇ ಸಲ ಎಳೀತಿರೋದು ಅನ್ನೋ ಹಾಗೆ ಕಾಣುತ್ತಿತ್ತು. ಪ್ರಿನ್ಸಿಪಾಲರು ಕೋಟು ಹಾಕಿಕೊಂಡು ಬಂದು ಕಬ್ಬಿಣದ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಒಬ್ಬ ಮೇಸ್ತ್ರಿ ನಿಂತು ಕೋರ್ಟಿನ ಉದ್ದ ಅಗಲವನ್ನು ಕಣ್ಣಲ್ಲೇ ಅಳೆಯುತ್ತಿದ್ದ. ನಮಗೆ ಅವನನ್ನು ನೋಡಿಯೇ ಮೈ ಉರಿಯಿತು.

ನಮ್ಮ ಹುಡುಗ ಆಡಿದ ಅಂದರೆ ಹಾಗೆ ಆಡಿದ! ಹಾಕಿದ್ದೆಲ್ಲ ಬುಟ್ಟಿಗೆ. ಎದುರು ಕಾಲೇಜಿನ ತಂಡಕ್ಕೆ ಗಾಬರಿಯಾಯಿತು. ಅಷ್ಟರಲ್ಲಿ ಅವರ ಕ್ಯಾಪ್ಟನ್‌ಗೆ ಇವನ ಕಾಲು ತಗಲಿತು, ಇವನು ಬಗ್ಗಿ ಕಣ್ಣಿಗೊತ್ತಿಕೊಂಡ. ಕ್ಯಾಪ್ಟನ್ ಒಂದು ಗಳಿಗೆ ಪಿಳಿಪಿಳಿ ನೋಡಿದ. ಆಮೇಲೆ ಅವನ ಮುಖದಲ್ಲಿ ಒಂದು ನಗು ಬಂತು.

"ತಮ್ಮಾ, ಇಲ್ಲಿ ಕೊಡಪ್ಪ" ಅಂದ ಕ್ಯಾಪ್ಟನ್.

"ತಗೊಳ್ಳಿ ಅಣ್ಣ" ಅಂತ ಇವನು ಕೊಟ್ಟ.

"ಲೇಏಏ!" ಅಂತ ಇಡೀ ಗೋಡೆ ಕಿರುಚಿತು.

ಅಲ್ಲಿಂದ ಇವನು ಹಾಕಿದಷ್ಟೇ ಅವರಿಗೂ ಕೊಟ್ಟ. ಕೊನೆಯ ನಿಮಿಷಕ್ಕೆ ಎರಡೂ ಕಡೆ ಸಮ ಸಮ. ಬಾಲ್ ಇವನ ಕೈಯಲ್ಲಿ, ಬುಟ್ಟಿ ತಲೆಯ ಮೇಲೇ. ಸುಮ್ಮನೆ ಹಾಕಿದ್ದರೆ ಮುಗಿಯುತ್ತಿತ್ತು.

"ಎಸಿಯೋ!" ಅಂತ ಒಬ್ಬರು. "ಬೇಡ, ಹಿಂದಕ್ಕೆ ಕೊಡೋ!" ಅಂತ ಇನ್ನೊಬ್ಬರು. "ಬಲಗೈ!" "ಎಡಗೈ!" "ಎಗರೋ ಎಮ್ಮೆ!" ಪೋಸ್ಟ್ ಮಾಸ್ಟರು ನನ್ನ ತೊಡೆಯನ್ನು ಕುಟ್ಟಿ ಪುಡಿ ಮಾಡುತ್ತಿದ್ದರು. ನಾನು ಬುದ್ಧಿ ಉಪಯೋಗಿಸಿ, ಎದುರಾಳಿಯ ಗಮನ ತಪ್ಪಲಿ ಅಂತ, "ಶೂ ಲೇಸ್ ಬಿಚ್ಚಿದೆ ನೋಡು!" ಅಂತ ಕೂಗಿದೆ. ಅದು ಎದುರಾಳಿಗೆ ಹೇಳಿದ್ದು. ನಮ್ಮವನು ಬಗ್ಗಿ ನೋಡಿಕೊಂಡರೆ ಅದಕ್ಕೆ ನಾನೇನು ಮಾಡಲಿ?

ಹುಡುಗ ತಲೆ ಎತ್ತಿದ. ಅಂಥ ಮುಖ ನಾವು ಯಾವತ್ತೂ ನೋಡಿರಲಿಲ್ಲ. ಬಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಕೋರ್ಟು ದಾಟಿ ದಾಪುಗಾಲು ಹಾಕಿಕೊಂಡು ಸೀದಾ ಗೋಡೆಗೆ ಬಂದ.

"ಬಾಯ್ ಮುಚ್ಕೊಂಡ್ ಕೂತ್ಕೊಳ್ರೀ! ಜೂನಿಂದ ನೋಡ್ತಾ ಇದೀನಿ, ಒಂದು ದಿನ ಸುಮ್ನಿದೀರೇನ್ರೀ? ಅಷ್ಟು ಗೊತ್ತಿದ್ರೆ ಇಳಿದು ಬಂದು ನೀವೇ ಆಡ್ರೀ! ಮುದುಕಪ್ಪ, ನೀನೂ ಅಷ್ಟೆ! ಗೋಡೆ ಮೇಲೆ ಕೂತ್ಕೊಂಡು ಕಾಗೆ ಥರ ಕಾವ್ ಕಾವ್!"

ಪಂದ್ಯದ ರೆಫರಿ ವಿಸಲ್ ಊದಿದರು. ಬಾಲನ್ನು ನೆಲಕ್ಕೆ ಕುಟ್ಟದೆ ಹಾಗೆ ನಡೆದುಕೊಂಡು ಹೋಗುವಂತಿಲ್ಲ, ಅದು ತಪ್ಪು. ಬಾಲ್ ಅವರಿಗೆ ಹೋಯಿತು. ಅವರು ಹಾಕಿದರು. ಆಟ ಮುಗಿಯಿತು. ಸೋತೆವು.

ಅದು ನಮ್ಮ ಗಮನಕ್ಕೇ ಬರಲಿಲ್ಲ. ಪೋಸ್ಟ್ ಮಾಸ್ಟರು ನನ್ನನ್ನು ತಬ್ಬಿಕೊಂಡು ಕುಣಿಯುತ್ತಿದ್ದರು. "ಬೈದ ಕಣ್ರೀ! ನನ್ನನ್ನ ಏಕವಚನದಲ್ಲಿ ಬೈದ!"

ಕುರ್ಚಿಯಿಂದ ಎದ್ದವರು

ಕುಣಿತ ನಿಂತದ್ದು ಪ್ರಿನ್ಸಿಪಾಲರು ಕುರ್ಚಿ ಬಿಟ್ಟು ಎದ್ದಾಗ. ಮೇಸ್ತ್ರಿ ಜೇಬಿನಿಂದ ಟೇಪು ತೆಗೆದ. ಪಿ.ಟಿ. ಮೇಷ್ಟ್ರು ತಲೆ ತಗ್ಗಿಸಿಕೊಂಡು ಸುಣ್ಣದ ಗೆರೆಯ ಹೊರಗೆ ನಿಂತಿದ್ದರು, ಗೆರೆ ತುಳಿಯಬಾರದು ಅನ್ನೋ ಹಾಗೆ.

"ನಾಳೆ ಬೆಳಿಗ್ಗೆ ಕೆಲಸ ಶುರು ಮಾಡಪ್ಪ" ಅಂದರು ಪ್ರಿನ್ಸಿಪಾಲರು.

ನಮ್ಮ ಹುಡುಗನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮೊದಲ ಸಲ ಬಂದದ್ದು, ಇಳಿಸೋದು ಹೇಗೆ ಅಂತ ಅವನಿಗೆ ಗೊತ್ತಿರಲಿಲ್ಲ. ನಾವು ಆ ಪಾಠಕ್ಕೆ ಬಂದೇ ಇರಲಿಲ್ಲ.

"ಏನ್ ಸಾರ್ ಶುರು ಮಾಡೋದು?" ಅಂತ ಎದುರಿಗೆ ಹೋಗಿ ನಿಂತ. "ಬೆಳಿಗ್ಗೆ ಬೆಳಿಗ್ಗೆ ನಮ್ ಮೇಷ್ಟ್ರು ಒಬ್ರೇ ರೋಲರ್ ಎಳೀತಾರೆ, ಒಂದಿನ ಬಂದು ನೋಡಿದೀರಾ? ಸೋತಿದ್ದು ನಾನು. ಬಾಲ್ ಎತ್ಕೊಂಡು ನಡೆದವನು ನಾನು. ಅದಕ್ಕೆ ಅವರ ಕೋರ್ಟ್ ಯಾಕೆ ಕೀಳ್ತೀರಾ? ಸೈಕಲ್ ಬೇಕಿದ್ರೆ ನಿಮ್ ರೂಮಲ್ಲಿ ನಿಲ್ಲಿಸ್ಕೊಳ್ಳಿ!"

ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಹುಡುಗನ ಕಾಲೇಜು ಇವತ್ತಿಗೆ ಮುಗಿಯಿತು ಅಂದುಕೊಂಡೆ. ಪಿ.ಟಿ. ಮೇಷ್ಟ್ರು ಓಡಿ ಬಂದು ಅವನ ರಟ್ಟೆ ಹಿಡಿದರು.

"ಕತ್ತೆ!" ಪ್ರಿನ್ಸಿಪಾಲರು ಗುಡುಗಿದರು. "ಈ ಸಿಟ್ಟು ಇಷ್ಟೊತ್ತೂ ಎಲ್ಲಿಟ್ಟಿದ್ಯೋ? ಆ ಕ್ಯಾಪ್ಟನ್ ತಮ್ಮಾ ಅಂದ ಕೂಡಲೇ ಯಾಕೋ ಕೊಟ್ಟೆ ಬಾಲನ್ನ? ಪ್ರಿನ್ಸಿಪಾಲ್ ಅಂತ ಬಾಯಿ ಮುಚ್ಕೊಂಡು ಕೂತಿದ್ದೆ, ನನ್ನ ಹೊಟ್ಟೆ ಎಷ್ಟು ಉರೀತಿತ್ತು ಗೊತ್ತೇನೋ ನಿನಗೆ? ಎಡಕ್ಕೆ ತಿರುಗಿದ್ರೆ ಅವನ ಅಪ್ಪನಿಗೂ ಸಿಕ್ತಿರಲಿಲ್ಲ!"

ಹುಡುಗ ತಬ್ಬಿಬ್ಬಾದ. "ಎಡಕ್ಕಾ ಸಾರ್?"

"ಎಡಕ್ಕೇ! ಕೊಡು ಇಲ್ಲಿ." ಪ್ರಿನ್ಸಿಪಾಲರು ಕೋಟು ಬಿಚ್ಚಿ ಮೇಸ್ತ್ರಿಯ ತೋಳಿನ ಮೇಲೆ ಎಸೆದರು. ಬಾಲ್ ಎದೆಗವುಚಿಕೊಂಡು, ಮೊಣಕೈ ಅಗಲಿಸಿ, ಗರಗರ ತಿರುಗಿ ಎಸೆದರು. ಬಾಲ್ ಬುಟ್ಟಿಯ ಹತ್ತಿರಕ್ಕೂ ಹೋಗಲಿಲ್ಲ. ಅವರಿಗೆ ಅದರ ಚಿಂತೆಯೂ ಇರಲಿಲ್ಲ. "ಹಿಂಗೆ! ತಿಳೀತಾ? ಮೇಸ್ತ್ರಿ, ಸೈಕಲ್ ಸ್ಟ್ಯಾಂಡನ್ನ ಲ್ಯಾಬಿನ ಹಿಂದೆ ಮಾಡಪ್ಪ. ಇವನನ್ನ ನಾನು ಸರಿ ಮಾಡ್ತೀನಿ, ಬರೋ ವರ್ಷ ಹೆಂಗೆ ಸೋಲ್ತಾನೋ ನೋಡ್ತೀನಿ. ಮೇಷ್ಟ್ರೇ, ನಾಳೆಯಿಂದ ಬೆಳಿಗ್ಗೆ ನಾನೂ ಬರ್ತೀನಿ. ನಿಮ್ಮ ಆ ಸುಣ್ಣದ ಗೆರೆಯೂ ಸರಿ ಇಲ್ಲ, ಹೆಂಗೆ ಎಳೀಬೇಕು ಅಂತ ಹೇಳ್ತೀನಿ. ನೀರೂ ಜಾಸ್ತಿ ಆಯ್ತು."

ಕೋರ್ಟು ಉಳಿಯಿತು. ಗೋಡೆ ಮೇಲೆ ಜೈಕಾರವೋ ಜೈಕಾರ. ಪೋಸ್ಟ್ ಮಾಸ್ಟರು ಆಗಲೇ ಕೆಳಗಿಳಿದು, ಎಡಕ್ಕಲ್ಲ ಬಲಕ್ಕೆ ತಿರುಗಬೇಕಿತ್ತು ಅಂತ ಪ್ರಿನ್ಸಿಪಾಲರ ಜೊತೆ ಕೈ ಕೈ ಮಿಲಾಯಿಸುವ ಹಂತಕ್ಕೆ ಹೋಗಿದ್ದರು. ನಾನು ಪಿ.ಟಿ. ಮೇಷ್ಟ್ರ ಬಳಿ ಹೋಗಿ, "ನೋಡಿದ್ರಾ ಮೇಷ್ಟ್ರೇ, ಉಳಿಸಿಕೊಟ್ವಿ" ಅಂದೆ.

ಅವರು ಆ ಇಬ್ಬರನ್ನೂ, ಗೋಡೆಯನ್ನೂ, ನನ್ನನ್ನೂ ಒಂದು ಸಲ ನೋಡಿದರು. ಅವರಿಗೂ ಸಿಟ್ಟು ಬರುತ್ತೆ ಅಂತ ನನಗೆ ಗೊತ್ತಾದದ್ದು ಅವತ್ತೇ.

"ಸೈಕಲ್ ಸ್ಟ್ಯಾಂಡೇ ಆಗಿದ್ರೆ ಚೆನ್ನಾಗಿತ್ತು ಕಣ್ರೀ" ಅಂದರು. "ಸೈಕಲ್‌ಗಳು ತಮ್ಮ ಪಾಡಿಗೆ ತಾವು ಸುಮ್ನೆ ನಿಂತಿರ್ತವೆ."